ಹಿತ್ತಲಲ್ಲಿ ತೆರೆದ ಕೀಟಲೋಕ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮ್ಮಲ್ಲಿದೆ. ಕೀಟಗಳ ವಿಷಯದಲ್ಲೂ ನಮ್ಮ ಧೋರಣೆ ಇದೇ. ಬಣ್ಣದ ಚಿಟ್ಟೆ ನೋಡಲು ಕಾಡಿಗೆ ಹೋಗುವವರು, ಮನೆಯ ನುಗ್ಗೆ ಮರದಲ್ಲಿ ಕಂಬಳಿಹುಳು ಕಂಡರೆ ಕಸಬರಿಗೆ ಹುಡುಕುತ್ತಾರೆ. ಆದರೆ ಕೀಟ ವಿಜ್ಞಾನದ ಚರಿತ್ರೆ ಈ ಗಾದೆಯನ್ನು ಒಪ್ಪುವುದಿಲ್ಲ.

ಫ್ರಾನ್ಸಿನ ಝಾನ್ ಆನ್ರಿ ಫಾಬ್ರ್ (1823–1915) ಬಡ ಶಾಲಾ ಶಿಕ್ಷಕರಾಗಿದ್ದವರು. ಹೂವಿನ ಪರಾಗಸ್ಪರ್ಶದ ಬಗ್ಗೆ ಹೆಣ್ಣುಮಕ್ಕಳೆದುರು ಉಪನ್ಯಾಸ ಮಾಡಿದರೆಂಬ ಗದ್ದಲವೆದ್ದು, 1870ರ ಸುಮಾರಿಗೆ ಅವರು ಹುದ್ದೆ ತೊರೆಯಬೇಕಾಯಿತು. ಪಠ್ಯಪುಸ್ತಕ ಬರೆದು ಸಂಸಾರ ನಡೆಸಿದ ಅವರು 1879ರಲ್ಲಿ ಸೆರಿನ್ಯಾ ಎಂಬ ಹಳ್ಳಿಯಲ್ಲಿ ಒಂದು ಮನೆಯನ್ನೂ ಸುಮಾರು ಎರಡೂವರೆ ಎಕರೆ ಬರಡು ನೆಲವನ್ನೂ ಕೊಂಡರು. ಕಲ್ಲು ಮತ್ತು ಮುಳ್ಳುಗಿಡಗಳೇ ತುಂಬಿದ್ದ ಆ ಜಾಗವನ್ನು ಪ್ರಾಂತದ ಭಾಷೆಯಲ್ಲಿ ‘ಆರ್ಮಾಸ್’ ಎನ್ನುತ್ತಾರೆ. ರೈತನಿಗೆ ಬೇಡವಾದ ಆ ನೆಲ ಕಣಜ, ಜೇನು, ಜೀರುಂಡೆಗಳಿಗೆ ಸ್ವರ್ಗವಾಗಿತ್ತು. ಸತ್ತ ಕೀಟಗಳನ್ನು ಸೂಜಿಗೆ ಚುಚ್ಚಿ ಹೆಸರಿಡುವುದೇ ವಿಜ್ಞಾನವೆನಿಸಿದ್ದ ಕಾಲದಲ್ಲಿ, ಫಾಬ್ರ್ ಬದುಕಿರುವ ಕೀಟ ಏನು ಮಾಡುತ್ತದೆಂದು ಕುಳಿತು ನೋಡಿದರು.

ಒಂದು ಮೇ ತಿಂಗಳ ಬೆಳಿಗ್ಗೆ ಅವರ ಕೋಣೆಯಲ್ಲಿ ದೊಡ್ಡ ಜಾತಿಯ ಹೆಣ್ಣು ಪತಂಗವೊಂದು ಗೂಡಿನಿಂದ ಹೊರಬಂತು. ಅವರು ಅದನ್ನು ತಂತಿಬಲೆಯ ಮುಚ್ಚಳದಡಿ ಇಟ್ಟರು. ರಾತ್ರಿ ಮಲಗುವ ಹೊತ್ತಿಗೆ ಅವರ ಪುಟ್ಟ ಮಗ ಪಾಲ್ ಕೂಗಿಕೊಂಡ. ಹಕ್ಕಿಯಷ್ಟು ದೊಡ್ಡ ಪತಂಗಗಳು ಮನೆಯೊಳಗೆ ನುಗ್ಗಿದ್ದವು. ಸುಮಾರು ನಲವತ್ತು ಗಂಡುಗಳು ಕತ್ತಲಲ್ಲಿ ಎಲ್ಲಿಂದಲೋ ಆ ಒಂದು ಹೆಣ್ಣನ್ನು ಅರಸಿ ಬಂದಿದ್ದವು!

ಕರೆದವರು ಯಾರು, ಕೇಳಿಸಿದ್ದು ಹೇಗೆ? ಫಾಬ್ರ್ ಒಂದೊಂದಾಗಿ ಪರೀಕ್ಷಿಸುತ್ತ ಹೋದರು. ಹೆಣ್ಣನ್ನು ಬಿಗಿಯಾದ ಪೆಟ್ಟಿಗೆಯಲ್ಲಿ ಮುಚ್ಚಿದರೆ ಗಂಡುಗಳು ಬರಲಿಲ್ಲ. ಸಣ್ಣ ಸಂದಿ ಬಿಟ್ಟರೆ ಬಂದವು. ಮುಂದೆ ಇನ್ನೊಂದು ಜಾತಿಯ ಹೆಣ್ಣು ಪತಂಗವನ್ನು ಗಾಜಿನಡಿ ಕಣ್ಣಿಗೆ ಕಾಣುವಂತೆ ಇಟ್ಟಾಗ, ಗಂಡುಗಳು ಅದನ್ನು ಲೆಕ್ಕಿಸದೆ ಹಿಂದಿನ ರಾತ್ರಿ ಅದು ಕುಳಿತಿದ್ದ ಖಾಲಿ ಜಾಗವನ್ನು ಮುತ್ತಿದವು. ಸೆಳೆದದ್ದು ರೂಪವಲ್ಲ, ಮನುಷ್ಯನ ಮೂಗಿಗೆ ನಿಲುಕದ ಒಂದು ವಾಸನೆ ಎಂಬುದು ಇದರಿಂದ ಸೂಚಿತವಾಯಿತು. ಇಂಥ ವಸ್ತುವೊಂದನ್ನು ಮೊದಲಿಗೆ ಬೇರ್ಪಡಿಸಿ ಗುರುತಿಸಿದ್ದು 1959ರಲ್ಲಿ. ಜರ್ಮನಿಯ ಅಡಾಲ್ಫ್ ಬುಟೆನಾಂಡ್ಟ್ ತಂಡ ಅದಕ್ಕಾಗಿ ಬಳಸಿದ್ದು ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಚಿಟ್ಟೆಗಳನ್ನು. ನಮ್ಮ ರಾಮನಗರದ ಬೆಳೆಗಾರರು ನಿತ್ಯ ಕಾಣುವ ಹಿಪ್ಪುನೇರಳೆ ರೇಷ್ಮೆಯದೇ ಜಾತಿ ಅದು.

ಹಿತ್ತಲಿನ ನೋಟಕ್ಕೂ ಮಿತಿಯಿದೆ. ಡಾರ್ವಿನ್ ಮೆಚ್ಚಿ ಉಲ್ಲೇಖಿಸಿದ ಈ ವೀಕ್ಷಕರು ಡಾರ್ವಿನ್ನರ ವಿಕಾಸವಾದವನ್ನು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಅವರ ತೀರ್ಮಾನಗಳಲ್ಲಿ ಕೆಲವು ಬಿದ್ದುಹೋದರೂ ನೋಡಿ ಬರೆದಿಟ್ಟದ್ದು ಉಳಿಯಿತು. ಅಂದು ಕೂಗಿಕೊಂಡ ಮಗ ಪಾಲ್ ಬೆಳೆದು ಕ್ಯಾಮೆರಾ ಹಿಡಿದ; ತಂದೆಯ ಪುಸ್ತಕಗಳ ಸಚಿತ್ರ ಆವೃತ್ತಿಗಳಿಗೆ ಕೀಟಗಳ ಛಾಯಾಚಿತ್ರ ತೆಗೆದವನು ಅವನೇ. ಆ ಮನೆಯಲ್ಲಿ ಕ್ಯಾಮೆರಾ ಬಂದದ್ದು ಕಣ್ಣು ಪಳಗಿದ ಮೇಲೆ.

ಎರಡೂವರೆ ಎಕರೆ ಎಲ್ಲರಿಗೂ ಎಲ್ಲಿಂದ ಬರಬೇಕು ಎನ್ನುವವರಿಗೆ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞೆ ಜೆನಿಫರ್ ಓವೆನ್ ಉತ್ತರ ಕೊಟ್ಟಿದ್ದಾರೆ. ಲೆಸ್ಟರ್ ನಗರದ ಬಡಾವಣೆಯಲ್ಲಿದ್ದ ತಮ್ಮ ಸಾಧಾರಣ ಮನೆದೋಟದಲ್ಲಿ ಅವರು 1972ರಿಂದ 30 ವರ್ಷ ಲೆಕ್ಕವಿಟ್ಟರು. ಸಿಕ್ಕ ಜೀವಜಾತಿಗಳು 2,600ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಕೀಟಗಳೇ. ವಿಜ್ಞಾನಕ್ಕೆ ಅದುವರೆಗೆ ಗೊತ್ತೇ ಇರದಿದ್ದ ಕಣಜಗಳೂ ಅಲ್ಲಿದ್ದವು.

ಇಂದು ಫೋನಿನಲ್ಲೇ ಹುಳುವಿನ ಚಿತ್ರ ತೆಗೆಯಬಹುದು. ಆದರೆ ಚಿತ್ರ ಹಿಡಿಯುವುದು ಒಂದು ಕ್ಷಣವನ್ನು. ತಾರೀಖು, ಗಿಡದ ಹೆಸರು, ಹುಳು ಮಾಡುತ್ತಿದ್ದ ಕೆಲಸ ಇವನ್ನು ಜೊತೆಗೆ ಬರೆದಿಟ್ಟು, ಮರುವರ್ಷ ಅದೇ ಗಿಡದ ಬಳಿ ನಿಂತಾಗ ಅದು ದಾಖಲೆಯಾಗುತ್ತದೆ. ಯಾವ ಹುಳು ಈ ವರ್ಷ ಬರಲಿಲ್ಲ ಎಂದು ತಿಳಿಯಬೇಕಾದರೆ, ಅದು ಬರುತ್ತಿದ್ದ ಕಾಲದಲ್ಲಿ ಯಾರಾದರೂ ಬರೆದಿಟ್ಟಿರಬೇಕು. ನಮ್ಮ ಬಾಗಿಲ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟಿ ಜೇಡಗಳನ್ನು ತುಂಬುವ ಕಣಜದ ಬಂಧುವನ್ನೂ ಫಾಬ್ರ್ ಹೀಗೆಯೇ ನೋಡಿ ಬರೆದರು. ಗೂಡು ಕೆರೆದು ಹಾಕುವ ಮುನ್ನ ನಾವೂ ನಾಲ್ಕು ದಿನ ನೋಡಬಹುದು.