ಅಗ್ನಿಶಾಮಕರ ಕಲಿಕೆಗೆ ಹಣ ಎಲ್ಲಿಂದ?

ಪ್ರತಿ ವರ್ಷ ಏಪ್ರಿಲ್ 14ರಂದು ದೇಶದಲ್ಲಿ ಅಗ್ನಿಶಾಮಕ ಸೇವಾ ದಿನವನ್ನು ಆಚರಿಸಲಾಗುತ್ತದೆ. 1944ರಲ್ಲಿ ಅದೇ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿದ್ದ 'ಫೋರ್ಟ್ ಸ್ಟಿಕಿನ್' ಹಡಗಿನ ಹತ್ತಿಗೆ ಬೆಂಕಿ ಹತ್ತಿತು. ಹತ್ತಿಯ ಜೊತೆಯಲ್ಲೇ ಸುಮಾರು 1400 ಟನ್ ಸ್ಫೋಟಕಗಳಿದ್ದವು. ನೀರು ಹಾಯಿಸುತ್ತಿದ್ದ 66 ಮಂದಿ ಅಗ್ನಿಶಾಮಕರು ಸ್ಫೋಟದಲ್ಲಿ ಮಡಿದರು. ಧೈರ್ಯವೊಂದೇ ಸಾಲದು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ದಾವಣಗೆರೆ ಹತ್ತಿ ಗಿರಣಿಗಳಿಂದ ಹೆಸರಾದ ಊರು. ಹತ್ತಿಯ ಬೆಂಕಿಗೆ ನೀರೇ ಮದ್ದು. ರಾಸಾಯನಿಕಗಳ ವಿಷಯ ಬೇರೆ. ಕುಡಿಯುವ ನೀರಿನ ಶುದ್ಧೀಕರಣಕ್ಕೆ ಬಳಸುವ ಕ್ಲೋರಿನ್ ಅನಿಲವನ್ನೇ ತೆಗೆದುಕೊಳ್ಳಿ. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಸೋರಿದರೆ ನೆಲ ಹಿಡಿದು ತಗ್ಗಿನ ಕಡೆಗೆ ಹರಿಯುತ್ತದೆ. ದ್ರವ ಕ್ಲೋರಿನ್ನಿನ ಕುದಿಬಿಂದು −34 ಡಿಗ್ರಿ ಸೆಲ್ಸಿಯಸ್. ಸೋರುವ ಜಾಗಕ್ಕೆ ನೀರು ಸುರಿದರೆ ನೀರಿನ ಶಾಖವೇ ಅದನ್ನು ಬೇಗ ಆವಿಯಾಗಿಸುತ್ತದೆ. ಉಂಟಾಗುವ ಆಮ್ಲ ಲೋಹವನ್ನು ತಿಂದು ರಂಧ್ರವನ್ನು ಹಿಗ್ಗಿಸುತ್ತದೆ. ಎಲ್‌ಪಿಜಿ ಟ್ಯಾಂಕರು ಬೆಂಕಿಗೆ ಸಿಕ್ಕಿದಾಗಲಾದರೋ ಟ್ಯಾಂಕನ್ನು ದೂರದಿಂದ ನೀರು ಹಾಯಿಸಿ ತಂಪಾಗಿಡಬೇಕು. ಈ ವಿವೇಚನೆ ಅಭ್ಯಾಸದಿಂದ ಬರುವಂಥದು. ಅದಕ್ಕೆ ಉಸಿರಾಟದ ಉಪಕರಣ, ರಕ್ಷಾ ಉಡುಪು, ಬೋಧಕರು, ಪದೇ ಪದೇ ಅಣಕು ಕಾರ್ಯಾಚರಣೆ, ಎಲ್ಲಕ್ಕೂ ಮಿಗಿಲಾಗಿ ಹಣ ಬೇಕು.

1956ರಲ್ಲಿ ಉತ್ತರ ಪ್ರದೇಶದ ರಾಮಪುರದಲ್ಲಿ ಆರಂಭವಾದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಮರುವರ್ಷ ನಾಗಪುರಕ್ಕೆ ಬಂತು. ನಮ್ಮ ರಾಜ್ಯದ ಅಗ್ನಿಶಾಮಕ ದಳದ ಕಾಯಿದೆ 1964ರದು. ರಾಸಾಯನಿಕ ಅಪಾಯವನ್ನು ಕಾನೂನು ಗಂಭೀರವಾಗಿ ಪರಿಗಣಿಸಿದ್ದು 1984ರ ಭೋಪಾಲ್ ದುರಂತದ ನಂತರ. 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ ಬಂದ 1989ರ ನಿಯಮಗಳು ಕಾರ್ಖಾನೆಯ ಒಳಗಿನ ತುರ್ತು ಯೋಜನೆಯನ್ನು ಮಾಲೀಕರಿಗೂ ಹೊರಗಿನದನ್ನು ಜಿಲ್ಲಾಡಳಿತಕ್ಕೂ ವಹಿಸಿದವು. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆ ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವವರಿಗೆ ವಿಮೆಯನ್ನು ಕಡ್ಡಾಯಗೊಳಿಸಿತು. ಮರುವರ್ಷದ ತಿದ್ದುಪಡಿಯಿಂದ ಅವರು ಪರಿಹಾರ ನಿಧಿಯೊಂದಕ್ಕೂ ಹಣ ಕಟ್ಟಬೇಕಾಯಿತು. ಅಪಾಯ ತರುವವನೇ ಹಣ ಕೊಡಲಿ ಎಂಬ ತತ್ತ್ವ ಹೀಗೆ ಕಾನೂನಿನಲ್ಲಿ ಸೇರಿತು. ಆದರೆ ಆ ಹಣ ಅಪಘಾತ ನಡೆದ ಮೇಲೆ ಸಂತ್ರಸ್ತರಿಗಾಗಿ ಇಟ್ಟದ್ದು. ಮೊದಲು ಧಾವಿಸುವ ಅಗ್ನಿಶಾಮಕನ ಕಲಿಕೆಗೆ ಅದರಲ್ಲಿ ಪಾಲಿರಲಿಲ್ಲ.

ಇದರ ಅರ್ಥವನ್ನು ಹರಿಹರದ ತುಂಗಭದ್ರಾ ಸೇತುವೆಯ ಮೇಲೆ ನಿಂತು ಯೋಚಿಸಬಹುದು. ಈಚೆ ದಂಡೆ ದಾವಣಗೆರೆ ಜಿಲ್ಲೆ. ಆಚೆ, ಕಾರ್ಖಾನೆಗಳಿರುವ ಕುಮಾರಪಟ್ಟಣ ಹಾವೇರಿ ಜಿಲ್ಲೆ. 1997ಕ್ಕೆ ಮೊದಲು ಇವು ಚಿತ್ರದುರ್ಗ, ಧಾರವಾಡ ಜಿಲ್ಲೆಗಳಾಗಿದ್ದವು. ಟ್ಯಾಂಕರುಗಳು ಓಡಾಡುವ ಪುಣೆ–ಬೆಂಗಳೂರು ಹೆದ್ದಾರಿ ಎರಡೂ ಜಿಲ್ಲೆಗಳನ್ನು ಹಾದುಹೋಗುತ್ತದೆ. ಯೋಜನೆ ಜಿಲ್ಲೆಗೊಂದು, ಅನಿಲವಾದರೋ ಗಾಳಿ ಬೀಸಿದತ್ತ ಸಾಗುತ್ತದೆ. ಹರಿಹರ ತಾಲ್ಲೂಕಿನ ಸಾರಥಿಯಂಥ ಹಳ್ಳಿಗೆ ಮೊದಲು ಬಂದು ತಲಪಬೇಕಾದವರು ಹತ್ತಿರದ ಠಾಣೆಯ ಸಿಬ್ಬಂದಿಯೇ.

ಎಚ್ಚರಿಕೆಗಳಿಗೆ ಕೊರತೆಯಿಲ್ಲ. 2010ರ ಜುಲೈನಲ್ಲಿ ಮುಂಬಯಿ ಬಂದರಿನ ಶಿವಡಿಯಲ್ಲಿ ಹಳೆಯ ಸಿಲಿಂಡರಿನಿಂದ ಕ್ಲೋರಿನ್ ಸೋರಿದಾಗ ಅಸ್ವಸ್ಥರಾದವರಲ್ಲಿ ಅಗ್ನಿಶಾಮಕರೂ ಇದ್ದರು. 2013ರ ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಎಲ್‌ಪಿಜಿ ಟ್ಯಾಂಕರು ಉರುಳಿ ಹೊತ್ತಿಕೊಂಡು ಹಲವರ ಪ್ರಾಣ ಹೋಯಿತು.

15ನೆಯ ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರ ಸರ್ಕಾರ 2023ರಲ್ಲಿ ರಾಜ್ಯಗಳ ಅಗ್ನಿಶಾಮಕ ಸೇವೆಗಳ ವಿಸ್ತರಣೆ ಮತ್ತು ಆಧುನೀಕರಣಕ್ಕೆ 5000 ಕೋಟಿ ರೂಪಾಯಿಗಳ ಯೋಜನೆ ಪ್ರಕಟಿಸಿತು. ಕರ್ನಾಟಕದಂಥ ರಾಜ್ಯಗಳು ವೆಚ್ಚದ ಶೇ. 25ರಷ್ಟನ್ನು ಭರಿಸಬೇಕು. ಹೊಸ ಠಾಣೆ, ಉಪಕರಣಗಳ ಜೊತೆಗೆ ತರಬೇತಿ ಕೇಂದ್ರಗಳ ಬಲವರ್ಧನೆಯೂ ಅದರಲ್ಲಿ ಸೇರಿದೆ. ಇದು ಸ್ವಾಗತಾರ್ಹ. ಆದರೆ ಒಮ್ಮೆ ಕೊಂಡ ವಾಹನ ವರ್ಷಗಟ್ಟಲೆ ಬಾಳುತ್ತದೆ. ಕೌಶಲ ಅಭ್ಯಾಸ ತಪ್ಪಿದೊಡನೆ ಮಾಸತೊಡಗುತ್ತದೆ. ಕಲಿಕೆಗೆ ಪ್ರತಿ ವರ್ಷ ತಪ್ಪದೆ ಬರುವ ಹಣ ಬೇಕು.

ಅಮೆರಿಕ 1990ರ ಕಾನೂನಿನ ಮೂಲಕ ಇದಕ್ಕೊಂದು ದಾರಿ ಕಂಡುಕೊಂಡಿತು. ಅಪಾಯಕಾರಿ ವಸ್ತುಗಳನ್ನು ಕಳುಹಿಸುವ, ಸಾಗಿಸುವ ಕಂಪನಿಗಳ ನೋಂದಣಿ ಶುಲ್ಕದಿಂದಲೇ ಅಲ್ಲಿ ಸ್ಥಳೀಯ ಸಿಬ್ಬಂದಿಯ ತರಬೇತಿಗೆ ಅನುದಾನ ದೊರೆಯುತ್ತದೆ. ನಮ್ಮ 1991ರ ಕಾಯಿದೆ ಒಪ್ಪಿದ ತತ್ತ್ವವನ್ನೇ ಅಪಘಾತಕ್ಕೆ ಮುಂಚಿನ ದಿನಗಳಿಗೂ ಅನ್ವಯಿಸಿದರೆ ಸಾಕು.

ಟ್ಯಾಂಕರಿನ ಫಲಕದಲ್ಲಿ 1017 ಎಂದಿದ್ದರೆ ಕ್ಲೋರಿನ್, 1075 ಎಂದಿದ್ದರೆ ಎಲ್‌ಪಿಜಿ. ಇಷ್ಟನ್ನು ಶಾಲೆಯಲ್ಲೇ ಕಲಿಸಬಹುದು. ಸಂಖ್ಯೆ ಓದಿದ ಮೇಲೆ ಗಾಳಿಯ ದಿಕ್ಕು ನೋಡಿ ಮುಂದೆ ಹೋಗಬೇಕಾದವನಿಗೆ ಕಲಿಸುವ ಹೊಣೆ ಸಮಾಜದ್ದು.