ರಾಯದುರ್ಗ, ಮಡಕಶಿರಾ: ಎರಡು ಗಡಿಗಳ ಕಥೆ

ರಾಯದುರ್ಗ ಮತ್ತು ಮಡಕಶಿರಾ ಆಂಧ್ರಪ್ರದೇಶದ ಪಶ್ಚಿಮ ಅಂಚಿನಲ್ಲಿ ಕನ್ನಡ, ತೆಲುಗು ಎರಡೂ ಬೇರೂರಿರುವ ಸೀಮೆಗಳು. ರಾಯದುರ್ಗದ ಒಂದು ಮಗ್ಗುಲಿಗೆ ಬಳ್ಳಾರಿ, ಇನ್ನೊಂದು ಮಗ್ಗುಲಿಗೆ ಮೊಳಕಾಲ್ಮೂರು. ಮಡಕಶಿರಾದ ನೆರೆಯಲ್ಲಿ ಪಾವಗಡ, ಶಿರಾ, ಮಧುಗಿರಿ. ಎರಡೂ ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದವು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕನ್ನಡದ ನೆರೆಹೊರೆಯಿಂದ ಇವು ಬೇರೆಯಾದ ಕಾಲ ಒಂದೇ ಅಲ್ಲ, ಬಗೆಯೂ ಒಂದೇ ಅಲ್ಲ.

ಮಡಕಶಿರಾ ಸೀಮೆಯ ಹೇಮಾವತಿ, ಶಾಸನಗಳ ಹೆಂಜೇರು, ನೊಳಂಬರ ರಾಜಧಾನಿಯಾಗಿತ್ತು. ನೊಳಂಬವಾಡಿ ಮೂವತ್ತೆರಡು ಸಾಸಿರ ಇಂದಿನ ಚಿತ್ರದುರ್ಗ, ತುಮಕೂರು, ಕೋಲಾರ, ಅನಂತಪುರಗಳ ಭಾಗಗಳನ್ನು ಒಳಗೊಂಡಿತ್ತು. ಹೇಮಾವತಿಯ ಸಿದ್ಧೇಶ್ವರ ಲಿಂಗರೂಪದಲ್ಲಿಲ್ಲ, ಕುಳಿತ ಮಾನವರೂಪದಲ್ಲಿದ್ದಾನೆ. ನುಣುಪಾಗಿ ಕಡೆದ ನೊಳಂಬ ಕಂಬಗಳು ಎಷ್ಟು ಹೆಸರಾಗಿದ್ದವೆಂದರೆ, ಚೋಳರು ಅವುಗಳಲ್ಲಿ ಹಲವನ್ನು ಕಾವೇರಿ ತೀರದ ತಿರುವೈಯಾರಿಗೆ ಸಾಗಿಸಿ ಅಲ್ಲಿನ ದೇವಾಲಯದಲ್ಲಿ ನಿಲ್ಲಿಸಿದರು.

ಇದೇ ಸೀಮೆಯ ಅಮರಾಪುರದಲ್ಲಿ 1278ರ ಒಂದು ಜೈನ ಶಾಸನವಿದೆ. ನಿಡುಗಲ್ಲಿನ ಚೋಳ ಅರಸ ಇರುಂಗೋಳನ ಆಳ್ವಿಕೆಯಲ್ಲಿ ಮಲ್ಲಿಸೆಟ್ಟಿ ಎಂಬಾತ ತಮ್ಮಡಹಳ್ಳಿಯ 2,000 ಅಡಕೆ ಮರಗಳನ್ನು ತೈಲಂಗೆರೆಯ ಬ್ರಹ್ಮಜಿನಾಲಯಕ್ಕೆ ದಾನ ಕೊಟ್ಟ. ಬಸದಿಯನ್ನು ಬುಡದಿಂದ ಶಿಖರದವರೆಗೆ ಕಲ್ಲಿನಲ್ಲಿ ಕಟ್ಟಲು ಆ ತೋಟದ ಉತ್ಪನ್ನ ಮೀಸಲಾಗಿತ್ತು. ಅಮರಾಪುರದ ಸುತ್ತ ಅಡಕೆ ಇಂದಿಗೂ ಮುಖ್ಯ ಬೆಳೆ. ದಾನಿ, ತೋಟ, ಬಸದಿ, ಅರಸುಮನೆ ಎಲ್ಲವೂ ಇಂದಿನ ಗಡಿಯ ಎರಡು ಬದಿಗೂ ಸೇರಿದ ಒಂದೇ ಲೋಕದವು; ನಿಡುಗಲ್ಲು ಈಗ ಕರ್ನಾಟಕದ ಪಾವಗಡ ತಾಲ್ಲೂಕಿನಲ್ಲಿದೆ.

ರಾಯದುರ್ಗದ ನೆನಪು ಪಾಳೆಯಗಾರರ ಕಾಲದ್ದು. 1748ರ ಮಾಯಕೊಂಡದ ಯುದ್ಧದಲ್ಲಿ ರಾಯದುರ್ಗ, ಹರಪನಹಳ್ಳಿ, ಸವಣೂರು ಮೊದಲಾದವು ಒಟ್ಟಾಗಿ ಚಿತ್ರದುರ್ಗವನ್ನು ಎದುರಿಸಿದವು. ಚಿತ್ರದುರ್ಗದ ನಾಯಕ ಅಲ್ಲಿ ಮಡಿದ. ಈ ಹಗೆತನದ ಜಗತ್ತಿಗೆ ಕಾದಂಬರಿಯ ರೂಪ ಕೊಟ್ಟವರು ತ.ರಾ.ಸು. ಅವರ ‘ದುರ್ಗಾಸ್ತಮಾನ’ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡ ಓದುಗರ ಮನಸ್ಸಿನಲ್ಲಿ ರಾಯದುರ್ಗ ಪರನಾಡಾಗಿ ಉಳಿದಿಲ್ಲ. ಚಿತ್ರದುರ್ಗದ ಮಗ್ಗುಲಲ್ಲೇ ಇದ್ದ ಎದುರಾಳಿ ಕೋಟೆಯಾಗಿ ಉಳಿದಿದೆ.

1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಪ್ರದೇಶ ನಿಜಾಮನ ಪಾಲಿಗೆ ಬಂತು. 1800ರಲ್ಲಿ ನಿಜಾಮ ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. 1807ರವರೆಗೆ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಪಾಳೆಯಗಾರರ ಅಧಿಕಾರವನ್ನು ಮುರಿದು ರೈತವಾರಿ ಕಂದಾಯವನ್ನು ಜಾರಿಗೆ ತಂದ. ಆ ಕಾಲದ ತಲ್ಲಣವೇ ಕುಂ. ವೀರಭದ್ರಪ್ಪನವರ ‘ಅರಮನೆ’ ಕಾದಂಬರಿಯ ವಸ್ತು. ಶಿರಾ, ಪಾವಗಡಗಳು ಮೈಸೂರು ಒಡೆಯರ ರಾಜ್ಯದಲ್ಲಿ ಉಳಿದವು, ಮಡಕಶಿರಾ ಮದ್ರಾಸಿಗೆ ಸೇರಿತು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾದಾಗ ಆ ಅಂತರ ಇನ್ನಷ್ಟು ಹೆಚ್ಚಿತು. ತೆಲುಗು ಮಾತಾಡುವವರು ಹೇರಳವಾಗಿರುವ ಪಾವಗಡ ಕರ್ನಾಟಕದಲ್ಲೂ ಕನ್ನಡದ ಹಳ್ಳಿಗಳಿರುವ ಮಡಕಶಿರಾ ಆಂಧ್ರದಲ್ಲೂ ಇರುವುದಕ್ಕೆ ಕಾರಣ ಭಾಷೆಯಲ್ಲ, ಆ ಹಳೆಯ ಹಂಚಿಕೆ.

ರಾಯದುರ್ಗ ಬೇರೆಯಾದದ್ದು ಇಪ್ಪತ್ತನೆಯ ಶತಮಾನದಲ್ಲಿ, ಭಾಷೆಯ ಹೆಸರಿನಲ್ಲೇ. ಕಾಂಗ್ರೆಸ್ಸಿನ ಪ್ರಾಂತ ವಿಂಗಡಣೆಗೆ ಸಂಬಂಧಿಸಿ 1921ರಲ್ಲಿ ಎನ್.ಸಿ. ಕೇಳ್ಕರ್ ಕೊಟ್ಟ ತೀರ್ಪು ಆದೋನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೆ ಸೇರಿಸಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅದೇ ಮೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಕಳಚಿಕೊಂಡವು. ನ್ಯಾಯಮೂರ್ತಿ ಮಿಶ್ರ ಅವರ ವಿಚಾರಣೆಯ ನಂತರ ಬಳ್ಳಾರಿ ಪಟ್ಟಣ ಮೈಸೂರಿಗೆ ಉಳಿಯಿತು. ರಾಯದುರ್ಗಕ್ಕೆ ಪೇಟೆ, ಕೋರ್ಟು, ಕಚೇರಿ ಎಲ್ಲವೂ ಆಗಿದ್ದ ಬಳ್ಳಾರಿ ಒಮ್ಮೆಲೇ ನೆರೆರಾಜ್ಯವಾಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮಹಾರಾಷ್ಟ್ರ, ಕೇರಳಗಳೊಂದಿಗಿನ ಗಡಿಯನ್ನು ಪರಿಶೀಲಿಸಿತೇ ಹೊರತು ಈ ಅಂಚು ಅದರ ವ್ಯಾಪ್ತಿಗೆ ಬರಲಿಲ್ಲ.

ಗಡಿ ಸರಿದಾಗ ಊರಿನ ಗತಿ ಏನಾಗುತ್ತದೆ ಎಂಬುದನ್ನು ಸ್ಲಾವ್ ನಾಡುಗಳ ಸಾಹಿತ್ಯ ಆಳವಾಗಿ ಬರೆದಿದೆ. 1945ರಲ್ಲಿ ಪೋಲೆಂಡಿನ ಗಡಿ ಪಶ್ಚಿಮಕ್ಕೆ ಸರಿದಾಗ ಲ್ವೂವ್ ನಗರದ ಪೋಲಿಷರು ಊರು ಬಿಡಬೇಕಾಯಿತು. ಅದೇ ವರ್ಷ ಅಲ್ಲಿ ಹುಟ್ಟಿ ಶಿಶುವಾಗಿದ್ದಾಗಲೇ ಊರು ಕಳೆದುಕೊಂಡ ಆದಮ್ ಜಗಯೆವ್‌ಸ್ಕಿ ಮುಂದೆ ಆ ನಗರಕ್ಕೆ ಹೋಗುವ ಹಂಬಲವನ್ನೇ ಕವಿತೆಯಾಗಿಸಿದರು. ರಾಯದುರ್ಗದಲ್ಲಿ ಯಾರೂ ಗುಳೆ ಹೋಗಲಿಲ್ಲ. ಹೊಲ, ಮನೆ, ದೇವರು, ಬೀಗತನ ಇದ್ದಲ್ಲೇ ಇದ್ದವು. ನಷ್ಟವಾದದ್ದು ಕಚೇರಿಯ ಅರ್ಜಿಯಲ್ಲಿ, ದಾಖಲೆಯಲ್ಲಿ, ಮಕ್ಕಳ ಮುಂದಿನ ಓದಿನಲ್ಲಿ ಕನ್ನಡಕ್ಕಿದ್ದ ಜಾಗ. ಇದು ಸದ್ದಿಲ್ಲದ ನಷ್ಟ, ತಲೆಮಾರಿನಿಂದ ತಲೆಮಾರಿಗೆ ಬೆಳೆಯುವಂಥದು.

ಎರಡು ನುಡಿಗಳ ಒಡನಾಟ ಈ ಸೀಮೆಗೆ ಕೊಟ್ಟದ್ದೂ ಕಡಿಮೆಯಲ್ಲ. ಅನಂತಪುರ ಜಿಲ್ಲೆಯ ರಾಳ್ಳಪಲ್ಲಿಯಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು (1893–1979) ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಕಲಿಸಿದರು, ಕನ್ನಡದಲ್ಲೂ ಸಾಹಿತ್ಯ, ಸಂಗೀತ ಕುರಿತು ಬರೆದರು. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಆಂಧ್ರದ ಗಡಿಹಳ್ಳಿಗಳ ಶಾಲೆಗಳಲ್ಲಿ ಬಹುಕಾಲ ಮೇಷ್ಟ್ರಾಗಿದ್ದರು. ಅವರ ಗದ್ಯದ ಬಿರುಸಿಗೆ ಆ ಬದುಕಿನ ಆಸರೆಯಿದೆ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಏರ್ಪಾಡು ಮಾಡಬೇಕೆನ್ನುತ್ತದೆ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಎರಡೂ ಸೀಮೆಗಳಲ್ಲಿ ನಡೆದು ಬಂದಿವೆ. ಅವು ಗಟ್ಟಿಯಾಗಿದ್ದಷ್ಟು ಕಾಲ ಓದುಬರಹದ ಕನ್ನಡ ಇಲ್ಲಿ ಉಳಿಯುತ್ತದೆ. ಅವು ಸೊರಗಿದರೆ ಅದು ಬರೀ ಮನೆಮಾತಾಗಿ ಕುಗ್ಗುತ್ತದೆ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶ ನಿಯಮಗಳು ಗಡಿನಾಡ ಕನ್ನಡಿಗರಿಗೆ ಅವಕಾಶ ಕೊಡುವಾಗ ಆಂಧ್ರದಲ್ಲಿ ಹೆಸರಿಸಿರುವುದು ಆದೋನಿ, ಆಲೂರು, ರಾಯದುರ್ಗ, ಮಡಕಶಿರಾ ತಾಲ್ಲೂಕುಗಳನ್ನು. 1953ರಲ್ಲಿ ಕಳಚಿಕೊಂಡ ಮೂರನ್ನೂ 1800ರಲ್ಲೇ ಮದ್ರಾಸಿಗೆ ಹೋದ ಒಂದನ್ನೂ ಈ ನಿಯಮ ಸಮಾನವಾಗಿ ಕನ್ನಡದ ನೆಲವೆಂದು ಎಣಿಸುತ್ತದೆ.