ಹೇರೆತ್ತಿನಿಂದ ಟರ್ಬೊ ಪಿಕಪ್ಪಿನವರೆಗೆ

ಕುಮುದ್ವತಿ ನದಿ ಹೊಸನಗರ ತಾಲ್ಲೂಕಿನ ಹುಂಚದ ಕಡೆ ಹುಟ್ಟಿ, ಶಿಕಾರಿಪುರ ತಾಲ್ಲೂಕನ್ನು ಹಾಯ್ದು ತುಂಗಭದ್ರೆಯನ್ನು ಸೇರುತ್ತದೆ. ಮೈಸೂರು ಅರಸರ ಆಳ್ವಿಕೆಯ ಕಾಲದಲ್ಲಿ ಅಂಜನಾಪುರದ ಬಳಿ ಈ ನದಿಗೆ ಅಡ್ಡಲಾಗಿ ಒಂದು ಜಲಾಶಯವನ್ನು ಕಟ್ಟಿದರು. ಮಳೆಗಾಲದಲ್ಲಿ ಅದು ತುಂಬಿ ಕೋಡಿ ಬಿದ್ದಾಗ ನೋಡಲು ಹೋಗುವವರು ಬಹಳ ಮಂದಿ. ಆದರೆ ಆ ನೀರಿನ ಕೆಲಸ ಕಣ್ಣಿಗೆ ಬೀಳುವುದು ಸುಗ್ಗಿಯಲ್ಲಿ. ಗದ್ದೆಯ ಭತ್ತ, ತೋಟದ ಅಡಕೆ, ಅವುಗಳ ಜೊತೆಗೆ ಮಕ್ಕಿಹೊಲದ ಮೆಕ್ಕೆಜೋಳ, ಶುಂಠಿ—ಎಲ್ಲವೂ ಆಗ ರಸ್ತೆಗೆ ಬರುತ್ತವೆ. ಬೆಳೆಸುವುದು ನೀರಿನ ಕೆಲಸ. ಹೊರುವುದು ಯಾರ ಕೆಲಸ?

ಇಂದು ಹೊರುವುದು ಪಿಕಪ್. ಅದರ ಸುತ್ತ ನಮ್ಮ ಕಡೆಯ ಚಹದ ಅಂಗಡಿಗಳಲ್ಲಿ ಒಂದು ವಾದ ಹೂಡಿದೆ. ಹೊಸದಾಗಿ ತಿದ್ದಿ ತೀಡಿದ ಟರ್ಬೊ ಗಾಡಿ ಮೇಲೋ, ಅದರ ಹಿಂದಿನ ತಲೆಮಾರುಗಳು ಮೇಲೋ? ತರುಣರು ಹೊಸದರ ಪಕ್ಷ. ತಲೆ ನರೆತವರು ಹಳೆಯದರ ಪಕ್ಷ. ಎರಡು ಕಡೆಯವರೂ ಗಾಡಿಯನ್ನು ಹೊಗಳುತ್ತಾರೆಯೇ ಹೊರತು ಅಳೆಯುವುದಿಲ್ಲ. ಅಳೆಯಬೇಕಾದರೆ ವಂಶಾವಳಿಯನ್ನು ಸ್ವಲ್ಪ ಹಿಂದಿನಿಂದಲೇ ಓದಬೇಕು.

ಮೊದಲ ಹೊರೆಗಾರರು

ಅಂಜನಾಪುರದಿಂದ ಬಹು ದೂರವೇನೂ ಇಲ್ಲದ ಬಳ್ಳಿಗಾವಿ ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾಸಿರ ನಾಡಿನ ದೊಡ್ಡ ಪಟ್ಟಣ. ಅಲ್ಲಿಗೆ ಸರಕು ಬರುತ್ತಿದ್ದುದು ಎತ್ತುಗಳ ಬೆನ್ನ ಮೇಲೆ. ಆ ನಾಡಿನ ಶಾಸನಗಳಲ್ಲಿ ಹೆರ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಒಂದು ಎತ್ತಿನ ಮೇಲೆ ಹೇರಿದ ಹೊರೆಯೇ ಒಂದು 'ಹೇರು'. ಸರಕಿನ ಅಳತೆಗೆ ಹೊರುವ ಪ್ರಾಣಿಯ ಬೆನ್ನೇ ಮಾನವಾಗಿದ್ದ ಕಾಲವದು.

ಮುಂದಿನ ಶತಮಾನಗಳಲ್ಲಿ ಈ ಕಸುಬನ್ನು ದೇಶದ ಉದ್ದಗಲಕ್ಕೂ ನಡೆಸಿದವರು ಲಂಬಾಣಿಗಳು. ಸಾವಿರಾರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದಂಡುಗಳ ಹಿಂದೆ ನಡೆದವರು ಅವರು. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಡಿರಸ್ತೆಗಳಾದವು, ರೈಲು ಬಂತು. ಆ ಕಸುಬು ಮುಗಿಯಿತು. ಹೇರೆತ್ತಿಗಿಂತ ಜೋಡೆತ್ತಿನ ಗಾಡಿ ಮೇಲು ಎಂಬುದರಲ್ಲಿ ಅನುಮಾನವಿಲ್ಲ. ಒಂದು ಜೊತೆ ಎತ್ತು ಒಳ್ಳೆಯ ರಸ್ತೆಯಲ್ಲಿ ಎಳೆಯುವ ಭಾರವನ್ನು ಬೆನ್ನ ಮೇಲೆ ಹೊರಲು ಹತ್ತಾರು ಎತ್ತು ಬೇಕು. ಆದರೆ ಗಾಡಿ ಗೆದ್ದಾಗ ಸೋತವರು ಎತ್ತುಗಳಲ್ಲ, ಮನುಷ್ಯರು. ಶಿಕಾರಿಪುರ ಸೀಮೆಯಲ್ಲಿ ನೆಲೆ ನಿಂತ ತಾಂಡಾಗಳ ಹಿಂದೆ ಈ ಸೋಲಿನ ಕಥೆಯೂ ಇದೆ. ಈ ಮಾತನ್ನು ನೆನಪಿನಲ್ಲಿಡಬೇಕೆಂದು ಓದುಗರಲ್ಲಿ ನನ್ನ ವಿನಂತಿ, ಕೊನೆಯಲ್ಲಿ ಬೇಕಾಗುತ್ತದೆ.

ಶಿವಮೊಗ್ಗದಿಂದ ಹೊರಟ ರೈಲು ಸಾಗರದ ಮೇಲೆ ತಾಳಗುಪ್ಪಕ್ಕೆ ಹೋಯಿತು. ಶಿಕಾರಿಪುರ, ಸೊರಬಗಳ ಕಡೆ ತಿರುಗಲಿಲ್ಲ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಮಾರ್ಗದ ಕೆಲಸ ಕೈಗೆತ್ತಿಕೊಂಡದ್ದು ತೀರ ಈಚೆಗೆ. ಹೀಗಾಗಿ ಈ ಎರಡು ತಾಲ್ಲೂಕುಗಳ ಬದುಕು ಉದ್ದಕ್ಕೂ ರಸ್ತೆಯನ್ನೇ ನಂಬಿದ್ದು.

ಯುದ್ಧದಿಂದ ಬಂದ ಜೀಪು

ಮೋಟಾರು ಗಾಡಿ ನಮ್ಮಲ್ಲೇ ಹುಟ್ಟಬಹುದಾಗಿತ್ತು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯೂರೋಪು, ಅಮೆರಿಕಗಳನ್ನು ಸುತ್ತಿ ಬಂದು ಮೋಟಾರು ಕಾರ್ಖಾನೆಯ ಯೋಜನೆಯೊಂದನ್ನು ಸಿದ್ಧಪಡಿಸಿದರು. ಅದನ್ನು ಬೆಂಗಳೂರಿನಲ್ಲಿ ನೆಲೆಗೊಳಿಸುವ ಪ್ರಯತ್ನಕ್ಕೆ ಬ್ರಿಟಿಷ್ ಸರ್ಕಾರದ ಅಡ್ಡಿ ಬಂತು. ಅವರೊಡನೆ ಕೈಜೋಡಿಸಿದ್ದ ವಾಲಚಂದ್ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಸಂಸ್ಥೆಯನ್ನು ಕಟ್ಟಿದರು. ನಾವು ಮಾಡುವವರಾಗಲಿಲ್ಲ, ಕೊಳ್ಳುವವರಾದೆವು.

ಹಳ್ಳಿಯ ದಾರಿಗೆ ಒಗ್ಗಿದ ಮೊದಲ ಮೋಟಾರು ಎಂದರೆ ಜೀಪು. 1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ರೂಪುಗೊಂಡ ವಿಲ್ಲಿಸ್ ಜೀಪನ್ನು, ಯುದ್ಧ ಮುಗಿದ ಮೇಲೆ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಜೋಡಿಸತೊಡಗಿತು. ಆ ಮೊದಲ ಜೀಪಿನ ಪೆಟ್ರೋಲ್ ಎಂಜಿನ್ 2199 ಸಿ.ಸಿ. ಗಾತ್ರದ್ದು, ಶಕ್ತಿ 60 ಅಶ್ವಶಕ್ತಿ, ಸೈನ್ಯದ ಲೆಕ್ಕದಲ್ಲಿ ಅದು 'ಕಾಲು ಟನ್ನಿನ ಟ್ರಕ್ಕು'. ಈ ಅಂಕಿಗಳ ಕೆಲಸ ಮುಂದಿದೆ. ಜೀಪಿನ ದೊಡ್ಡ ಗುಣ ನಾಲ್ಕು ಚಕ್ರಗಳೂ ಎಳೆಯುವುದು. ಮಳೆಗಾಲದ ಕೆಸರಿನಲ್ಲಿ ಜೋಡೆತ್ತು ಮಂಡಿಯೂರುವ ಕಡೆಯಲ್ಲೂ ಅದು ಏಳುತ್ತಿತ್ತು. ಹಿಂದೆ ಒಂದು ತೊಟ್ಟಿಗಾಡಿ ಸಿಕ್ಕಿಸಿದರೆ ಅದೇ ನಮ್ಮ ಪಿಕಪ್ಪಿನ ಮುತ್ತಜ್ಜ.

ಬಳಿಕ ಡೀಸೆಲ್ ಬಂತು. 1954ರಲ್ಲಿ ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆನ್ಜ್ ಜೊತೆಗೂಡಿ ಜಮ್‌ಷೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. ಲಾರಿಯೇನೋ ಬಲಶಾಲಿ, ಆದರೆ ಅದು ಪೇಟೆಯ ಮಂಡಿಯವರ ಸೊತ್ತು. ಹತ್ತು ಚೀಲ ಭತ್ತವುಳ್ಳ ರೈತನ ಕಣದವರೆಗೆ ಅದು ಬರುವುದಿಲ್ಲ. ಬಂದರೂ ತುಂಬುವಷ್ಟು ಸರಕು ಅವನಲ್ಲಿಲ್ಲ. ಲಾರಿಗೂ ಎತ್ತಿನ ಗಾಡಿಗೂ ನಡುವಿನ ಜಾಗ ಬಹಳ ಕಾಲ ಖಾಲಿಯೇ ಇತ್ತು. ಟೆಂಪೊ, ಮೆಟಡಾರ್‌ಗಳು ಅದನ್ನು ಸ್ವಲ್ಪ ತುಂಬಿದವು. 1980ರ ದಶಕದ ನಡುವೆ ಜಪಾನಿನ ನಾಲ್ಕು ಕಂಪನಿಗಳು ಇಲ್ಲಿಯವರ ಜೊತೆ ಸೇರಿ ಹಗುರ ಟ್ರಕ್ಕುಗಳನ್ನು ತಂದವು: ಡಿ.ಸಿ.ಎಂ. ಟೊಯೋಟಾ, ಸ್ವರಾಜ್ ಮಜ್ದಾ, ಆಲ್ವಿನ್ ನಿಸ್ಸಾನ್, ಐಷರ್ ಮಿತ್ಸುಬಿಷಿ. ಇವುಗಳಿಗೆ ಎದುರಾಗಿ 1986ರಲ್ಲಿ ಟಾಟಾ 407 ಬಂದು ನಿಂತಿತು. ಮೊದಲ 407ಕ್ಕೆ ಟರ್ಬೊ ಇರಲಿಲ್ಲ. ಆದರೂ ಗಟ್ಟಿಮುಟ್ಟಾದ ಮೈಕಟ್ಟು, ಎಲ್ಲೆಡೆ ಸಿಗುವ ಬಿಡಿಭಾಗ—ಈ ಎರಡರಿಂದ ಅದು ಗೆದ್ದಿತು. ಇನ್ನೂ ಕೆಳಗಿನ ಜಾಗಕ್ಕೆ 2005ರಲ್ಲಿ ಟಾಟಾ ಏಸ್ ಇಳಿಯಿತು. ಅದು 702 ಸಿ.ಸಿ.ಯ ಎರಡು ಸಿಲಿಂಡರಿನ, 16 ಅಶ್ವಶಕ್ತಿಯ ಪುಟ್ಟ ಡೀಸೆಲ್. ಅಂಕಿ ನೋಡಿದರೆ ನಗು ಬರುತ್ತದೆ. ಆದರೆ ಎಷ್ಟೋ ಮಂದಿ ಚಾಲಕರು ಮೊತ್ತಮೊದಲಿಗೆ ಮಾಲೀಕರಾದದ್ದು ಅದರಿಂದಲೇ.

ಟರ್ಬೊ ಮಾಡುವುದೇನು?

ಟರ್ಬೊ ಹೊಸ ವಿದ್ಯೆಯಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರು ಅದರ ಹಕ್ಕುಪತ್ರ ಪಡೆದದ್ದು 1905ರಲ್ಲಿ. 1920ರ ದಶಕದಲ್ಲಿ ಅದು ಹಡಗುಗಳ ಡೀಸೆಲ್ ಎಂಜಿನ್ನನ್ನೇರಿತು. ತತ್ತ್ವ ಸರಳ. ಎಂಜಿನ್ ಉಸಿರು ಬಿಟ್ಟಾಗ ಬಿಸಿ ಹೊಗೆ ಸುಮ್ಮನೆ ಹೊರಗೆ ಹೋಗಿ ಹಾಳಾಗುತ್ತದೆ. ಆ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಚಕ್ರವನ್ನಿಟ್ಟರೆ ಅದು ನಿಮಿಷಕ್ಕೆ ಲಕ್ಷ ಸುತ್ತಿಗೂ ಮಿಕ್ಕಿ ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದರೆ ಅಷ್ಟಕ್ಕಷ್ಟು ಎಣ್ಣೆಯನ್ನು ಚೆನ್ನಾಗಿ ಉರಿಸಬಹುದು. ಕಮ್ಮಾರನ ತಿದಿ ಮಾಡುವುದೂ ಇದನ್ನೇ. ವ್ಯತ್ಯಾಸವೆಂದರೆ ಇಲ್ಲಿ ತಿದಿಯನ್ನು ಒತ್ತುವುದು ಕುಲುಮೆಯದೇ ಹೊಗೆ.

ಈಗ ಅಳತೆಗೆ ಬರೋಣ. ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಬೊಲೆರೊ ಪಿಕಪ್ಪಿನ ವಂಶದಲ್ಲಿ, 2023ರಲ್ಲಿ ಮಾರುಕಟ್ಟೆಗೆ ಬಂದ 'ಮ್ಯಾಕ್ಸ್' ಮಾಲಿಕೆಯ ದೊಡ್ಡ ಮಾದರಿಯನ್ನು ತೆಗೆದುಕೊಳ್ಳಿ. ಎರಡೂವರೆ ಲೀಟರ್ ಗಾತ್ರದ ಟರ್ಬೊ ಡೀಸೆಲ್. ಶಕ್ತಿ ಸುಮಾರು 80 ಅಶ್ವಶಕ್ತಿ. ಹೊರುವ ಭಾರ ಎರಡು ಟನ್ನಿನವರೆಗೆ. 1941ರ ಜೀಪಿನದು 60. ಎಂಬತ್ತು ವರ್ಷಗಳ ಸಾಧನೆ ಇಪ್ಪತ್ತೇ ಕುದುರೆಯೇ ಎಂದು ಯಾರಾದರೂ ಕೇಳಬಹುದು. ಆದರೆ ಭಾರ ಕಾಲು ಟನ್ನಿನಿಂದ ಎರಡು ಟನ್ನಿಗೆ, ಎಂದರೆ ಎಂಟರಷ್ಟಕ್ಕೆ ಏರಿದೆ. ಈ ಎರಡು ಲೆಕ್ಕ ಒಂದಕ್ಕೊಂದು ಹೊಂದುವುದು ಹೇಗೆ?

ಗುಟ್ಟಿನ ಒಂದು ಭಾಗ ಎಳೆತದಲ್ಲಿದೆ. ಎಂಜಿನಿಯರರು ಟಾರ್ಕ್ ಎನ್ನುವುದನ್ನೇ ನಾನಿಲ್ಲಿ ಎಳೆತ ಎನ್ನುತ್ತಿದ್ದೇನೆ. ಜೀಪಿನ ಎಳೆತ ಸುಮಾರು 142 ನ್ಯೂಟನ್ ಮೀಟರ್. ಹೊಸ ಪಿಕಪ್ಪಿನದು 220. ಅಷ್ಟೇ ಅಲ್ಲ, ಜೀಪು ತನ್ನ 60 ಕುದುರೆಗಳನ್ನು ಹೊರತರಲು ನಿಮಿಷಕ್ಕೆ 4000 ಸುತ್ತು ಕೂಗಬೇಕಿತ್ತು. ಟರ್ಬೊ ಡೀಸೆಲ್ ಕೆಳಗಿನ ಸುತ್ತುಗಳಲ್ಲೇ, ಗದ್ದೆಯಿಂದ ಏರಿಗೆ ಹತ್ತುವ ನಿಧಾನಗತಿಯಲ್ಲೇ, ತನ್ನ ಬಲವನ್ನು ಕೊಡುತ್ತದೆ. ಕುದುರೆಯ ಲೆಕ್ಕದಲ್ಲಿ ಇಬ್ಬರೂ ಹತ್ತಿರ ಹತ್ತಿರ. ಎತ್ತಿನ ಲೆಕ್ಕದಲ್ಲಿ ಹೊಸಬ ಬಹು ಮುಂದೆ. ನಮಗೆ ಬೇಕಾದದ್ದು ಎತ್ತಿನ ಲೆಕ್ಕವೇ.

ಇನ್ನೊಂದು ಭಾಗವನ್ನು ಚಹದ ಅಂಗಡಿಯ ವಾದದಲ್ಲಿ ಯಾರೂ ಎತ್ತುವುದಿಲ್ಲ. ಭಾರವನ್ನು ಹೊರುವುದು ಎಂಜಿನ್ ಅಲ್ಲ. ಚಾಸಿ, ಪಟ್ಟೆ ಸ್ಪ್ರಿಂಗು, ಹಿಂದಿನ ಅಚ್ಚು, ಟಯರು. ಇವು ತಲೆಮಾರಿನಿಂದ ತಲೆಮಾರಿಗೆ ಸದ್ದಿಲ್ಲದೆ ಗಟ್ಟಿಯಾಗಿವೆ, ಉದ್ದವಾಗಿವೆ. ಜೊತೆಗೆ ರಸ್ತೆಯೂ ಬದಲಾಯಿತು. 2000ದಲ್ಲಿ ತೊಡಗಿದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ, ಆಮೇಲೆ ನಮ್ಮ ರಾಜ್ಯದ 'ನಮ್ಮ ಗ್ರಾಮ ನಮ್ಮ ರಸ್ತೆ' ಎಷ್ಟೋ ಹಳ್ಳಿಗಳ ಬಾಗಿಲಿಗೆ ಟಾರು ತಂದವು. ಹಿಂದಿನ ಎರಡೇ ಚಕ್ರ ಎಳೆಯುವ ಗಾಡಿ ಜೀಪಿನ ಜಾಗದಲ್ಲಿ ಓಡಾಡುವಂತಾದದ್ದು ಈ ಟಾರಿನ ದಯದಿಂದ. ಟಾರು ಬಿಟ್ಟು ಆಷಾಢದ ಗದ್ದೆಬದುವಿಗೆ ಇಳಿಸಿ ನೋಡಿ. ಅಲ್ಲಿ ಇಂದಿಗೂ ಮುತ್ತಜ್ಜನೇ ಗೆಲ್ಲುತ್ತಾನೆ. ಎಲ್ಲ ಕೀರ್ತಿಯನ್ನೂ ಟರ್ಬೊಗೆ ಕಟ್ಟುವುದು, ಮದುವೆಮನೆಯಲ್ಲಿ ವಾಲಗದವನಿಗೇ ಎಲ್ಲ ತಾಂಬೂಲ ಕೊಟ್ಟ ಹಾಗೆ.

ಶಕ್ತಿಯೊಂದನ್ನೇ ಅಳತೆಯಾಗಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. 1968ರಿಂದ ಜಗತ್ತಿನಲ್ಲಿ ಹೆಸರಾದ ಹೈಲಕ್ಸ್ ಪಿಕಪ್ಪನ್ನು ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆ 2022ರಲ್ಲಿ ಇಲ್ಲಿಯೂ ಮಾರಾಟಕ್ಕೆ ತಂದಿತು. ಟರ್ಬೊ ಡೀಸೆಲ್, 200 ಅಶ್ವಶಕ್ತಿಗೂ ಮೇಲೆ. ಅದು ನಿಜಕ್ಕೂ ಬಲವಾದ ಗಾಡಿ. ಆದರೆ ಅದರ ಬೆಲೆಗೆ ಶುಂಠಿ ತುಂಬಲು ಯಾರಿಗೆ ಮನಸ್ಸು ಬಂದೀತು? ಹೆಸರು ಒಂದೇ ಪಿಕಪ್ ಆದರೂ ಕುಲ ಬೇರೆ.

ಕೈಗೆ ಸಿಗದ ಕಾಯಿಲೆ

ಹಾಗಾದರೆ ಹೊಸದೇ ಮೇಲು ಎಂದು ತೀರ್ಪು ಬರೆದು ಏಳಬಹುದೇ? ಇನ್ನೊಂದು ಪಕ್ಷವನ್ನು ಕೇಳಬೇಕು. ಅದು ರಿಪೇರಿಯವನ ಪಕ್ಷ.

ಹಳೆಯ ಡೀಸೆಲ್ ಎಂಜಿನ್ನಿಗೆ ಎಣ್ಣೆಯ ಪಂಪು, ನಾಲ್ಕು ಕೊಳವೆ, ನಾಲ್ಕು ನಾಜಲ್. ಬ್ಯಾಟರಿ ಸತ್ತರೆ ನಾಲ್ಕು ಜನ ನೂಕಿ ಎಬ್ಬಿಸುತ್ತಿದ್ದರು. ಒಮ್ಮೆ ಎದ್ದರೆ ಕರೆಂಟಿನ ಹಂಗಿಲ್ಲದೆ ಓಡುತ್ತಿತ್ತು. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಜಾರಿಗೆ ಬಂದ ಬಿ.ಎಸ್. 6 ನಿಯಮದ ಎಂಜಿನ್ನುಗಳಲ್ಲಿ ಎಣ್ಣೆಯ ಹನಿ ಹನಿಯನ್ನೂ ಕಂಪ್ಯೂಟರು ಅಳೆದು ಕೊಡುತ್ತದೆ. ಹೊಗೆಯ ಮಸಿಯನ್ನು ಹಿಡಿಯಲು ಶೋಧಕ, ಅದರ ಮೇಲೆ ಕಣ್ಣಿಡಲು ಸೆನ್ಸರುಗಳು. ಇದರಿಂದ ಆದ ಲಾಭ ಸಣ್ಣದಲ್ಲ. ಹಳೆಯ ಗಾಡಿಯ ಹಿಂದೆ ಬೈಕಿನಲ್ಲಿ ಏರು ಹತ್ತಿದವರಿಗೆ ಆ ಕರಿಹೊಗೆ ಗೊತ್ತು. ಅದನ್ನು ದಿನವೂ ಉಸಿರಾಡಿದವರು ರಸ್ತೆಬದಿಯ ಶಾಲೆಯ ಮಕ್ಕಳು. ಈ ಒಂದು ಕಾರಣಕ್ಕೇ ಹಿಂದಿನದಕ್ಕೆ ಮರಳೋಣ ಎಂಬ ಮಾತನ್ನು ನಾನು ಒಪ್ಪಲಾರೆ.

ಆದರೆ ನನಗೆ ಪರಿಚಯದ ಹಳೆಯ ಮೆಕ್ಯಾನಿಕ್ ಒಬ್ಬರು ಹೇಳಿದ ಮಾತನ್ನೂ ತಳ್ಳಿಹಾಕಲಾರೆ: "ಹಳೇ ಗಾಡಿ ಕಾಯಿಲೆ ಕೈಗೆ ಸಿಗ್ತಿತ್ತು ಸ್ವಾಮಿ. ಇದರ ಕಾಯಿಲೆ ಕಂಪ್ಯೂಟರಿಗೇ ಸಿಗಬೇಕು. ಅದು ನನ್ನ ಹತ್ರ ಇಲ್ಲ." ನಡೆಸುವ ಕ್ರಮವೂ ಬದಲಾಗಿದೆ. ದೂರದ ಭಾರ ಎಳೆದು ಬಂದ ಟರ್ಬೊ ಗಾಡಿಯನ್ನು ತಟ್ಟನೆ ಆರಿಸಬಾರದು. ಆರಿಸಿದರೆ ಇನ್ನೂ ಕಾದು ಸುತ್ತುತ್ತಿರುವ ಅಚ್ಚಿಗೆ ಆಯಿಲು ನಿಲ್ಲುತ್ತದೆ. ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಟ್ಟು ಆರಿಸಬೇಕು. ಗಾಳಿಯ ಸೋಸಕವನ್ನೂ ಆಯಿಲನ್ನೂ ಹೊತ್ತಿಗೆ ಸರಿಯಾಗಿ ಬದಲಾಯಿಸಬೇಕು. ಇದನ್ನು ಕಲಿಸಿಕೊಟ್ಟವರು ಕಡಿಮೆ. ಕಲಿಯದೆ ಟರ್ಬೊ ಕಳೆದುಕೊಂಡವರು ಉಂಟು.

ಗಾಡಿ ನಿಂತರೆ ನಷ್ಟ ಯಾರದು? ಪಿಕಪ್ ಕೊಂಡವನದು ಸಾಮಾನ್ಯವಾಗಿ ಸಾಲದ ಗಾಡಿ. ಕಂತು ತಿಂಗಳಿಗೊಮ್ಮೆ ಬರುತ್ತದೆ, ಗಾಡಿ ಓಡಿದರೂ ನಿಂತರೂ. ಸುಗ್ಗಿಯ ನಡುವೆ ಹತ್ತು ದಿನ ಅದು ಜಿಲ್ಲಾ ಪಟ್ಟಣದ ಸರ್ವಿಸ್ ಕೇಂದ್ರದಲ್ಲಿ ಸರದಿ ಕಾಯುತ್ತ ನಿಂತರೆ, ಇತ್ತ ಕಿತ್ತ ಹಸಿಶುಂಠಿ ರಾಶಿಯಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ. ಒಂದೇ ಗಾಡಿ ಕೆಟ್ಟು ಇಬ್ಬರ ಸಂಸಾರಕ್ಕೆ ಪೆಟ್ಟು. ಹಳೆಯದು ಹೆಚ್ಚು ಸಲ ಕೆಡುತ್ತಿತ್ತು, ನಿಜ. ಆದರೆ ಸಂಜೆಯೊಳಗೆ ಎದ್ದು ನಿಲ್ಲುತ್ತಿತ್ತು.

ನನ್ನ ತೀರ್ಮಾನವಿದು. ಹೊರುವುದರಲ್ಲಿ, ಏರುವುದರಲ್ಲಿ, ಹೊಗೆಯಲ್ಲಿ ಹೊಸ ಟರ್ಬೊ ಪಿಕಪ್ ತನ್ನ ಹಿರಿಯರನ್ನು ಗೆದ್ದಿದೆ. ಕೆಸರಿನಲ್ಲಿ ಜೀಪಿಗೆ ಸೋತಿದೆ. ಊರಿನ ಕೈಗೆ ಸಿಗುವುದರಲ್ಲಿ ಎಲ್ಲ ಹಿರಿಯರಿಗೂ ಸೋತಿದೆ. ಮೊದಲ ಸೋಲಿಗೆ ರಸ್ತೆ ಮದ್ದು. ಎರಡನೆಯದಕ್ಕೆ ಕಾರ್ಖಾನೆಯೊಂದೇ ಮದ್ದು ಕೊಡಲಾರದು, ಕಲಿಸುವವರು ಬೇಕು. ತಾಲ್ಲೂಕು ಮಟ್ಟದ ಕೈಗಾರಿಕಾ ತರಬೇತಿ ಸಂಸ್ಥೆಗಳು ಹುಡುಗರಿಗೆ ಕಲಿಸುವುದರೊಂದಿಗೆ, ಕೈಯಲ್ಲಿ ಮೂವತ್ತು ವರ್ಷಗಳ ಅನುಭವವಿರುವ ಈ ಮೆಕ್ಯಾನಿಕ್ಕುಗಳನ್ನೂ ಸಂಜೆಯ ಹೊತ್ತು ಕರೆದು ಕೂರಿಸಿ, ಆ ಕಂಪ್ಯೂಟರಿನ ಭಾಷೆಯನ್ನು ಕನ್ನಡದಲ್ಲಿ ಹೇಳಿಕೊಟ್ಟರೆ ಖರ್ಚು ದೊಡ್ಡದಲ್ಲ. ಕಾಯಿಲೆ ಗುರುತಿಸುವ ಉಪಕರಣವನ್ನು ಒಬ್ಬೊಬ್ಬರೂ ಕೊಳ್ಳಲಾಗದಿದ್ದರೆ ನಾಲ್ಕು ಜನ ಸೇರಿ ಕೊಳ್ಳಬಹುದು. ಸಹಕಾರ ಸಂಘಗಳು ನಮ್ಮ ಜಿಲ್ಲೆಗೆ ಹೊಸವಲ್ಲ.

ಹೇರೆತ್ತಿನವರ ಕಸುಬು ಹೋದಾಗ, ಗಾಡಿರಸ್ತೆ ಮಾಡಿದವರು ಅವರ ಪಾಡೇನೆಂದು ಕೇಳಲಿಲ್ಲ. ಇಂದು ನಾನು ಬಲ್ಲ ಪಿಕಪ್ ಚಾಲಕರಲ್ಲಿ ತಾಂಡಾದ ಹುಡುಗರೂ ಇದ್ದಾರೆ. ಸರಕು ಹೊರುವ ಕಸುಬು ಅಷ್ಟು ದೂರ ಸುತ್ತಿ ಮತ್ತೆ ಅವರ ಕೈಗೆ ಬಂದಿದೆ. ಈ ಸಲ ಅದು ಒಂದು ಕೆಟ್ಟ ಸೆನ್ಸರಿನಿಂದಾಗಿ, ಕಟ್ಟದ ಒಂದು ಕಂತಿನಿಂದಾಗಿ ಅವರ ಕೈ ಬಿಟ್ಟು ಹೋಗಬಾರದು.